ಬೆಳಿಗ್ಗೆ ಎಂಟಕ್ಕೇ ಬ್ಲಡ್ ಕೊಡಿ ಅಂತಾರಲ್ಲ, ಯಾಕೆ?

ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಈ ಸಲ ಬಂದ ಪತ್ರ, ಮೇಲ್, ವಾಟ್ಸಪ್ ಎಲ್ಲ ಗುಡ್ಡೆ ಹಾಕ್ಕೊಂಡು ಕೂತ್ರೆ ಅರ್ಧಕ್ಕರ್ಧ ಪ್ರಶ್ನೆ ಒಂದೇ ಕಡೆ ಬಂದು ನಿಲ್ತವೆ. ಹಾರ್ಮೋನ್ ಟೆಸ್ಟಿಗೂ ಗಡಿಯಾರಕ್ಕೂ ಏನ್ ಸಂಬಂಧ, ನಿದ್ದೆ ಕೆಟ್ರೆ ಹಾರ್ಮೋನ್ ಕೆಡತ್ತಾ, ಇಲ್ಲ ಹಾರ್ಮೋನ್ ಕೆಟ್ಟಿದ್ದಕ್ಕೇ ನಿದ್ದೆ ಕೆಡತ್ತಾ ಅಂತ. ಅವನ್ನೇ ಆರಿಸಿದೀನಿ, ಮಂಡಿ ನೋವು, ಕೂದಲು ಉದುರೋದು ಎಲ್ಲ ಮುಂದಿನ ಸಲ.

ಪ್ರಶ್ನೆ: ಆರು ತಿಂಗಳಿಂದ ಮುಖ ದುಂಡಗಾಗಿದೆ, ತೂಕ ಜಾಸ್ತಿ ಆಗಿದೆ, ಬಿಪಿನೂ ಶುರು ಆಯ್ತು. ಡಾಕ್ಟರು ಕಾರ್ಟಿಸಾಲ್ ಟೆಸ್ಟ್ ಬರೆದ್ರು. ಆಫೀಸ್ ಮುಗಿಸಿ ಸಂಜೆ 5ಕ್ಕೆ ಹೋಗಿ ಬ್ಲಡ್ ಕೊಟ್ಟೆ, 7 ಬಂತು. ಅದು ನಡೆಯಲ್ಲ, ಬೆಳಿಗ್ಗೆ 8ಕ್ಕೆ ಕೊಡಿ ಅಂದ್ರು, 16 ಬಂತು. ಈಗ ರಾತ್ರಿ 11 ಗಂಟೆಗೆ ಎಂಜಲು ಕೊಡ್ಬೇಕಂತೆ. ಇದೆಲ್ಲ ಬೇಕಾ, ಇಲ್ಲ ದುಡ್ಡು ಹೊಡಿಯೋ ದಾರಿನಾ?
- ಹೆಸರು ಬೇಡ, ದಾವಣಗೆರೆ

ದುಡ್ಡು ಹೊಡೀತಿಲ್ಲ ಮೇಡಂ, ನಿಮ್ಮ ಡಾಕ್ಟ್ರು ಸರಿಯಾದ ದಾರಿಯಲ್ಲೇ ಇದಾರೆ, ಲ್ಯಾಬಿನ ಎರಡೂ ರಿಪೋರ್ಟೂ ಸರಿಯಾಗೇ ಇರಬಹುದು. ಕಾರ್ಟಿಸಾಲ್ ದಿನವಿಡೀ ಒಂದೇ ಸಮ ಇರೋ ಹಾರ್ಮೋನೇ ಅಲ್ಲ. ನಾವು ಏಳೋ ಹೊತ್ತಿಗೆ ಅದು ಮೇಲಿರತ್ತೆ, ಎದ್ದ ಮೇಲೂ ಅರ್ಧ ಮುಕ್ಕಾಲು ಗಂಟೆ ಇನ್ನಷ್ಟು ಏರತ್ತೆ, ಆಮೇಲೆ ಇಳೀತಾ ಇಳೀತಾ ಸಂಜೆಗೆ ಹೆಚ್ಚುಕಮ್ಮಿ ಅರ್ಧ, ಮಧ್ಯರಾತ್ರಿಗೆ ತಳ. ಬೆಳಿಗ್ಗೆ 8ಕ್ಕೆ 5ರಿಂದ 25ರ ಒಳಗಿದ್ರೆ ನಾರ್ಮಲ್ ಅಂತ ಬಹಳಷ್ಟು ಲ್ಯಾಬ್‌ನವರು ಹಾಕ್ತಾರೆ, ಅದೇ ಮನುಷ್ಯನಿಗೆ ನಡುರಾತ್ರಿ ನಿದ್ದೆಯಲ್ಲಿದ್ದಾಗ ರಕ್ತ ತೆಗೆದ್ರೆ 1.8ಕ್ಕಿಂತ ಕೆಳಗಿರ್ಬೇಕು. ಟೈಮ್ ಬರೆಯದ ಕಾರ್ಟಿಸಾಲ್ ರಿಪೋರ್ಟು ನನ್ನ ಲೆಕ್ಕದಲ್ಲಿ ರಿಪೋರ್ಟೇ ಅಲ್ಲ, ನಾನಂತೂ ಅಂಥದ್ದು ಬಂದ್ರೆ ಪೇಷಂಟ್‌ನ ಮೊದಲು ಕೇಳೋದೇ "ಎಷ್ಟೊತ್ತಿಗೆ ಕೊಟ್ರಿ" ಅಂತ.

ಈ ಏರಿಳಿತ ನಡೆಸೋದು ಕಾರ್ಟಿಸಾಲ್ ತಯಾರಿಸೋ ಅಡ್ರಿನಲ್ ಗ್ರಂಥಿ ಅಲ್ಲ, ಅದು ಹೇಳಿದ್ದು ಕೇಳೋದಷ್ಟೇ. ಹುಕುಂ ಬರೋದು ಮೆದುಳಿಂದ. ಎರಡು ಕಣ್ಣಿನ ನರಗಳೂ ಒಂದನ್ನೊಂದು ದಾಟೋ ಜಾಗದ ಸರಿಯಾಗಿ ಮೇಲೆ, ಹೈಪೋಥಲಾಮಸ್ ಅನ್ನೋ ಮೆದುಳಿನ ಭಾಗದ ಒಳಗೆ, ಎಡಕ್ಕೊಂದು ಬಲಕ್ಕೊಂದು ಚಿಕ್ಕ ನರಕೋಶದ ಗುಂಪು ಇದೆ, ಎರಡೂ ಸೇರಿ ಸುಮಾರು 20,000 ಜೀವಕೋಶ. ಹೆಸರು ಉದ್ದ, ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್, ನಾವು ಎಸ್‌ಸಿಎನ್ ಅನ್ನೋಣ. ಇಲ್ಲಿನ ಒಂದೊಂದು ಕೋಶವೂ ತನ್ನೊಳಗೇ ಹೆಚ್ಚುಕಮ್ಮಿ 24 ಗಂಟೆಯ ಚಕ್ರ ನಡೆಸತ್ತೆ: ಕ್ಲಾಕ್, ಬಿಮಾಲ್ ಅನ್ನೋ ಪ್ರೋಟೀನ್‌ಗಳು ಸೇರಿ ಪರ್, ಕ್ರೈ ಅನ್ನೋ ಜೀನ್‌ಗಳನ್ನ ಆನ್ ಮಾಡ್ತವೆ, ಅದರಿಂದ ತಯಾರಾದ ಪ್ರೋಟೀನು ದಿನವಿಡೀ ಜಮಾ ಆಗಿ ಆಗಿ ವಾಪಸ್ ಬಂದು ತಮ್ಮನ್ನ ಆನ್ ಮಾಡಿದವನ್ನೇ ಅಮುಕಿ ಹಿಡೀತವೆ, ರಾತ್ರಿ ಕಳೀತಾ ಅವು ಕರಗಿ ಹೋಗ್ತವೆ, ಮತ್ತೆ ಮೊದಲಿಂದ ಶುರು. ಹಣ್ಣಿನ ನೊಣದಲ್ಲಿ ಈ ಚಕ್ರದ ಗುಟ್ಟು ಬಿಡಿಸಿದ್ದಕ್ಕೇ 2017ರಲ್ಲಿ ಹಾಲ್, ರೋಸ್‌ಬ್ಯಾಷ್, ಯಂಗ್ ಮೂವರಿಗೆ ನೊಬೆಲ್ ಬಂದಿದ್ದು.

ಇಲ್ಲೇ ಗಡಿಯಾರ ಇದೆ ಅಂತ ಗೊತ್ತಾಗಿದ್ದು 1972ರಲ್ಲಿ, ಅಮೆರಿಕದಲ್ಲಿ. ಬೇರೆ ಬೇರೆ ಎರಡು ಗುಂಪಿನವರು ಇಲಿಗಳಲ್ಲಿ ಈ ಜಾಗವನ್ನ ನಾಶ ಮಾಡಿ ನೋಡಿದ್ರು, ಒಬ್ಬರಿಗೆ ಇಲಿ ಓಡಾಡೋ, ನೀರು ಕುಡಿಯೋ ಹೊತ್ತುಗೊತ್ತು ಹಾಳಾಗಿದ್ದು ಕಾಣಿಸ್ತು, ಇನ್ನೊಬ್ಬರಿಗೆ ಅಡ್ರಿನಲ್ ಹಾರ್ಮೋನಿನ ದಿನದ ಏರಿಳಿತವೇ ಮಾಯ ಆಗಿದ್ದು. ಹಾರ್ಮೋನ್ ಬರೋದು ನಿಲ್ಲಲಿಲ್ಲ, ಹೊತ್ತು ತಪ್ಪಿತು. ಇನ್ನೂ ಮಜಾ 1990ರದ್ದು: ಹುಟ್ಟಿನಿಂದಲೇ 20 ಗಂಟೆಯ ದಿನ ಇರೋ ವಿಚಿತ್ರ ಹ್ಯಾಮ್‌ಸ್ಟರ್‌ನ ಎಸ್‌ಸಿಎನ್ ತೆಗೆದು, ಎಸ್‌ಸಿಎನ್ ಕಳ್ಕೊಂಡಿದ್ದ ಇನ್ನೊಂದು ಹ್ಯಾಮ್‌ಸ್ಟರ್‌ಗೆ ಕೂರಿಸಿದ್ರು, ಅದರ ದಿನವೂ 20 ಗಂಟೆ ಆಗೋಯ್ತು!

ಈ ಗಡಿಯಾರದಿಂದ ಹಾರ್ಮೋನಿನ ತನಕ ಮಾತು ಸಾಗೋದು ಕೆಮಿಕಲ್‌ಗಳ ಮೂಲಕ. ಎಸ್‌ಸಿಎನ್ ಕೋಶಗಳು ಗಾಬಾ, ವ್ಯಾಸೋಪ್ರೆಸಿನ್ ಅನ್ನೋ ರಾಸಾಯನಿಕ ಬಿಟ್ಟು ಪಕ್ಕದ ಹೈಪೋಥಲಾಮಸ್ ಕೋಶಗಳಿಗೆ ಯಾವಾಗ ಸುಮ್ಮನಿರ್ಬೇಕು, ಯಾವಾಗ ಕೆಲಸ ಶುರು ಮಾಡ್ಬೇಕು ಅಂತ ತಿಳಿಸ್ತವೆ, ಅವು ಸಿಆರ್‌ಎಚ್ ಅನ್ನೋ ಹಾರ್ಮೋನ್ ಬಿಡ್ತವೆ, ಅದು ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿಗೆ ಹೋಗಿ ಎಸಿಟಿಎಚ್ ಅನ್ನೋ ಇನ್ನೊಂದು ಹಾರ್ಮೋನ್ ಬಿಡಿಸತ್ತೆ, ಅದು ರಕ್ತದಲ್ಲಿ ಇಳಿದು ಕಿಡ್ನಿ ಮೇಲೆ ಟೋಪಿ ಹಾಗೆ ಕೂತಿರೋ ಅಡ್ರಿನಲ್‌ಗೆ ತಲುಪಿದ ಮೇಲೆ ಕಾರ್ಟಿಸಾಲ್. ಅದೂ ನಲ್ಲಿ ತಿರುಗಿಸಿದ ಹಾಗೆ ಸುರಿಯಲ್ಲ, ಹೆಚ್ಚುಕಮ್ಮಿ ಗಂಟೆಗೊಂದು ಸಲ ಚಿಮ್ಮತ್ತೆ, ಬೆಳಗಿನ ಜಾವ ಜೋರಾಗಿ, ರಾತ್ರಿ ಮೆತ್ತಗೆ.

ಈಗ ನಿಮ್ಮ ಎಂಜಲಿನ ವಿಷಯ. ಕುಶಿಂಗ್ ಅಂತ ಒಂದು ಕಾಯಿಲೆ ಇದೆ, ಕಾರ್ಟಿಸಾಲ್ ಅತಿಯಾಗಿ ಬರೋದು. ಅದರಲ್ಲಿ ಬೆಳಗಿನ ಲೆವೆಲ್ ಎಷ್ಟೋ ಸಲ ನಾರ್ಮಲ್ಲೇ ಇರತ್ತೆ, ಮೊದಲು ಕೆಡೋದು ರಾತ್ರಿ ತಳ ಮುಟ್ಟೋ ಗುಣ. ಅದಕ್ಕೇ ಬೆಳಗಿನ 16 ನೋಡಿ ಏನೂ ಇಲ್ಲ ಅಂತ ಹೇಳೋಕಾಗಲ್ಲ, ರಾತ್ರಿ 11ಕ್ಕೆ ಇಳಿದಿದೆಯಾ ಅಂತ ನೋಡ್ಬೇಕು, ಎಂಜಲಾದ್ರೆ ಮನೇಲೇ ಕೂತು ಸೂಜಿ ಇಲ್ಲದೆ ಕೊಡಬಹುದು. ಕೊಡೋ ಮುಂಚೆ ಅರ್ಧ ಗಂಟೆ ಏನೂ ತಿನ್ಬೇಡಿ, ಹಲ್ಲುಜ್ಜಬೇಡಿ. ಇನ್ನೊಂದು ಮಾತು, ಬಹಳ ಜನ ಇದನ್ನ ಡಾಕ್ಟ್ರಿಗೆ ಹೇಳೋದೇ ಇಲ್ಲ: ಮುಖ ಬೆಳ್ಳಗಾಗತ್ತೆ ಅಂತ ಮೆಡಿಕಲ್ ಶಾಪಿನಿಂದ ತಂದು ಹಚ್ಚೋ ಕ್ರೀಮು, ಮಂಡಿ ನೋವಿಗೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಇವುಗಳಲ್ಲಿ ಸ್ಟೀರಾಯ್ಡ್ ಇರೋದುಂಟು, ಮುಖ ದುಂಡಗಾಗೋಕೆ ಅಷ್ಟೇ ಸಾಕು. ಅಂಥದ್ದೇನಾದ್ರೂ ಇದ್ರೆ ಡಬ್ಬಿ ಸಮೇತ ತಗೊಂಡು ಹೋಗಿ ತೋರಿಸಿ, ಆದ್ರೆ ನೀವಾಗೇ ದಿಢೀರ್ ಅಂತ ನಿಲ್ಲಿಸಬೇಡಿ. ಹೊರಗಿನ ಸ್ಟೀರಾಯ್ಡ್ ಬಹಳ ದಿನ ಒಳಗೆ ಹೋಗಿದ್ರೆ ಮೆದುಳು ಸಿಆರ್‌ಎಚ್ ಕಳಿಸೋದನ್ನ ಬಿಟ್ಟಿರತ್ತೆ, ಅಡ್ರಿನಲ್ ಮಲಗಿರತ್ತೆ, ತಕ್ಷಣ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ.

ಪ್ರಶ್ನೆ: ಮಗ ಬೆಂಗಳೂರಲ್ಲಿ ಅಮೆರಿಕ ಕಂಪನಿಗೆ ನೈಟ್ ಶಿಫ್ಟ್ ಮಾಡ್ತಾನೆ. ಬೆಳಿಗ್ಗೆ 7ಕ್ಕೆ ರೂಮಿಗೆ ಬಂದು ಮಲಗಿದ್ರೆ ನಿದ್ದೆ ಬರಲ್ಲ ಅಂತ ತಾನೇ ಮೆಲಟೋನಿನ್ ಮಾತ್ರೆ ತಂದು 10 ಎಂಜಿ ನುಂಗ್ತಾನೆ. ಕೇಳಿದ್ರೆ ಅಮ್ಮಾ ಇದು ನ್ಯಾಚುರಲ್, ಮೆದುಳಲ್ಲೇ ಬರೋದು ಅಂತಾನೆ. ಹೌದಾ?
- ಒಬ್ಬ ತಾಯಿ, ತುಮಕೂರು

ಮೆದುಳಲ್ಲೇ ಬರೋದು ನಿಜ ಅಮ್ಮಾ, ಆದ್ರೆ ಇಡೀ ರಾತ್ರಿ ಮೆದುಳು ತಯಾರಿಸೋ ಮೆಲಟೋನಿನ್ ಒಂದು ಎಂಜಿಯ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ. ನಿಮ್ಮ ಮಗ ಒಂದೇ ಗುಟುಕಿಗೆ 10 ನುಂಗ್ತಾ ಇದಾನೆ. ಅದನ್ನ ನಿದ್ದೆ ಮಾತ್ರೆ ಅಂದ್ಕೊಂಡಿರೋದ್ರಿಂದ ಬಂದ ತೊಂದ್ರೆ ಇದು. ಮೆಲಟೋನಿನ್ ನಿದ್ದೆ ಹೊಡೆಸೋ ವಸ್ತುಗಿಂತ ಹೆಚ್ಚಾಗಿ ಊರಿಗೆಲ್ಲ "ಕತ್ತಲಾಯ್ತು" ಅಂತ ಡಂಗುರ ಸಾರೋನು, ಡಂಗುರ ಹತ್ತು ಪಟ್ಟು ಜೋರಾಗಿ ಬಾರಿಸಿದ್ರೆ ಕತ್ತಲು ಹತ್ತು ಪಟ್ಟು ಆಗಲ್ಲ.

ಅದು ತಯಾರಾಗೋ ದಾರಿ ನೋಡಿ, ಎಷ್ಟು ಸುತ್ತು ಬಳಸಿದೆ ಅಂತ. ಎಸ್‌ಸಿಎನ್ ಹಗಲಿಡೀ ಗಾಬಾ ಬಿಟ್ಟು ಈ ದಾರಿಯನ್ನ ಮುಚ್ಚಿಟ್ಟಿರತ್ತೆ. ಕತ್ತಲಾದ ಮೇಲೆ ತಡೆ ತೆಗೀತಾ ಇದ್ದ ಹಾಗೆ ಸಂದೇಶ ಮೆದುಳಿಂದ ಬೆನ್ನುಹುರಿಗೆ ಇಳಿದು, ಅಲ್ಲಿಂದ ಕುತ್ತಿಗೆಯ ನರದ ಗಂಟಿಗೆ ಬಂದು, ಮತ್ತೆ ಮೇಲೆ ಹತ್ತಿ ಪೀನಿಯಲ್ ಅನ್ನೋ ಬಟಾಣಿ ಕಾಳಿಗಿಂತ ಚಿಕ್ಕ ಗ್ರಂಥಿಗೆ ತಲುಪತ್ತೆ. ಅಲ್ಲಿ ನರದ ತುದಿ ನಾರ್‌ಅಡ್ರಿನಲಿನ್ ಬಿಡತ್ತೆ, ಆಗ ಒಂದು ಎಂಜೈಮ್ ಎದ್ದು ಕೆಲಸ ಶುರು ಮಾಡತ್ತೆ, ಅಲ್ಲಿರೋ ಸೆರೊಟೋನಿನ್ ಎರಡು ಹೆಜ್ಜೆಯಲ್ಲಿ ಮೆಲಟೋನಿನ್ ಆಗತ್ತೆ. ಹಗಲು ಮನಸ್ಸಿನ ವಿಷಯದಲ್ಲಿ ಹೆಸರು ಕೇಳೋ ಅದೇ ಸೆರೊಟೋನಿನ್ನೇ ರಾತ್ರಿಯ ಹಾರ್ಮೋನಿಗೆ ಕಚ್ಚಾ ಮಾಲು. ಮೆಲಟೋನಿನ್ ಮೊದಲು ಕೈಗೆ ಸಿಕ್ಕಿದ್ದು 1958ರಲ್ಲಿ, ಆರನ್ ಲರ್ನರ್ ಅನ್ನೋ ಚರ್ಮದ ಡಾಕ್ಟರು ದನಗಳ ಪೀನಿಯಲ್ ರಾಶಿ ರಾಶಿ ಅರೆದು ತೆಗೆದಿದ್ದು, ಪಾಪ ಅವರು ಹುಡುಕ್ತಾ ಇದ್ದಿದ್ದು ಚರ್ಮದ ಬಣ್ಣದ ಕಾಯಿಲೆಗೆ ಔಷಧಿ.

ಕಣ್ಣಿಗೆ ಜೋರು ಬೆಳಕು ಬಿದ್ರೆ ಆ ಎಂಜೈಮು ನಿಮಿಷಗಳಲ್ಲಿ ಇಳಿದು ಹೋಗತ್ತೆ. 1980ರಲ್ಲಿ 2,500 ಲಕ್ಸ್ (ಲಕ್ಸ್ ಅಂದ್ರೆ ಬೆಳಕಿನ ಅಳತೆ) ಬೆಳಕಲ್ಲಿ ಮನುಷ್ಯರ ಮೆಲಟೋನಿನ್ ನಿಂತುಹೋಗೋದನ್ನ ತೋರಿಸಿದ್ರು, ಮನೆ ಟ್ಯೂಬ್‌ಲೈಟಿಗೂ ಅದು ತಗ್ಗತ್ತೆ ಅಂತ ಆಮೇಲೆ ಗೊತ್ತಾಯ್ತು. ಬೆಳಿಗ್ಗೆ 7ಕ್ಕೆ ಕ್ಯಾಬಿಂದ ಇಳಿದ ನಿಮ್ಮ ಮಗನ ಕಣ್ಣಿಗೆ ಬೀಳೋದು ಸಾವಿರಾರು ಲಕ್ಸ್. ಅಂದ್ರೆ ಹೊಟ್ಟೆಗೆ ಕತ್ತಲಿನ ಮಾತ್ರೆ, ಕಣ್ಣಿಗೆ ಬೆಳಗಿನ ಸೂರ್ಯ, ಮೆದುಳು ಯಾರ ಮಾತು ಕೇಳ್ಬೇಕು? ಅದು ಕಣ್ಣಿನ ಮಾತನ್ನೇ ಕೇಳೋದು. ಮೇಲಿಂದ ಆ ಹೊತ್ತಿಗೆ ಕಾರ್ಟಿಸಾಲ್ ತುದಿಯಲ್ಲಿದೆ, ಮೈ ಬಿಸಿ ಏರ್ತಾ ಇದೆ, ಮಲಗಿದ್ರೂ ನಾಲ್ಕು ತಾಸಿಗೇ ಎಚ್ಚರ.

ಮಾಡಬೇಕಾದ್ದು: ಶಿಫ್ಟ್ ಮುಗಿದು ಬರೋವಾಗ ಕ್ಯಾಬಲ್ಲಿ ಕಪ್ಪು ಕನ್ನಡಕ (ಬೈಕಲ್ಲಿ ಬರೋದಾದ್ರೆ ಬೇಡ, ನಿದ್ದೆಗಣ್ಣಿಗೆ ಅದು ಬೇರೆ ಸೇರಿದ್ರೆ ಕಷ್ಟ), ರೂಮಿನ ಕಿಟಕಿಗೆ ಬೆಳಕು ತೂರದ ಹಾಗೆ ದಪ್ಪ ಪರದೆ, ಮಲಗೋ ಹೊತ್ತು ದಿನಾ ಒಂದೇ. ಮಾತ್ರೆ ಬೇಕೇ ಬೇಕು ಅನ್ನೋದಾದ್ರೆ ಡಾಕ್ಟರ್ ಹತ್ರ ಕೇಳಿ ಸಣ್ಣ ಡೋಸು, ಸರಿಯಾದ ಹೊತ್ತಿಗೆ. ರಾತ್ರಿ 2 ಗಂಟೆಗೆ ಬಿರಿಯಾನಿ ತಿನ್ನೋ ಅಭ್ಯಾಸ ಇದ್ರೆ ಬಿಡಿಸಿ, ಆ ಹೊತ್ತಿಗೆ ಇನ್ಸುಲಿನ್ ಕೆಲಸ ಹಗಲಿನಷ್ಟು ಚುರುಕಾಗಿರಲ್ಲ, ಅದೇ ಅನ್ನಕ್ಕೆ ಶುಗರ್ ಜಾಸ್ತಿ ಏರತ್ತೆ. ವರ್ಷಗಟ್ಟಲೆ ನೈಟ್ ಶಿಫ್ಟ್ ಮಾಡೋದನ್ನ ಡಬ್ಲ್ಯುಎಚ್‌ಒದ ಕ್ಯಾನ್ಸರ್ ಸಂಸ್ಥೆ 2007ರಲ್ಲೇ "ಬಹುಶಃ ಕ್ಯಾನ್ಸರ್ ತರಬಹುದು" ಅನ್ನೋ ಪಟ್ಟಿಗೆ ಸೇರಿಸಿದೆ, 2019ರಲ್ಲಿ ಮತ್ತೆ ನೋಡಿ ಅಲ್ಲೇ ಇಟ್ಟಿದೆ. ಹೆದರಿಸೋಕೆ ಹೇಳ್ತಿಲ್ಲ, ಎರಡು ಮೂರು ವರ್ಷ ಆದ್ಮೇಲೆ ಹಗಲಿನ ಕೆಲಸ ಹುಡುಕ್ಕೋ ಅಂತ ನೀವು ಹೇಳಿದ್ರೆ ತಪ್ಪಿಲ್ಲ.

ಪ್ರಶ್ನೆ: ಸರ್, ರಾತ್ರಿ ಎಂಟಕ್ಕ ಎರಡ ಜೋಳದ ರೊಟ್ಟಿ, ಪಲ್ಯ ತಿಂದು ಮಲ್ಕೋತೀನ್ರಿ. ಮಲ್ಕೊಳ್ಳೋ ಮುಂದ ಶುಗರ್ 130 ಇರ್ತದ, ಮುಂಜಾನೆ ಎದ್ದು ನೋಡಿದ್ರ 165! ನಿದ್ಯಾಗ ನಾ ಏನರ ತಿಂತೀನೇನ್ರಿ? ಮಷೀನ್ ಕೆಟ್ಟದ ಅಂತ ಬ್ಯಾರೆ ತಂದೆ, ಅದೂ ಹಂಗ ತೋರಸ್ತದ.
- ನಿವೃತ್ತ ಮಾಸ್ತರು, ಹುಬ್ಬಳ್ಳಿ

ಮಾಸ್ತರೇ, ನೀವೇನೂ ತಿಂದಿಲ್ಲ, ನಿಮ್ಮ ಲಿವರ್ ಬಡಿಸಿದೆ. ನಿದ್ದೆಯ ಮೊದಲ ಭಾಗದಲ್ಲಿ ಗ್ರೋತ್ ಹಾರ್ಮೋನ್ ಒಂದು ದೊಡ್ಡ ಅಲೆ ಬರತ್ತೆ, ಬೆಳಗಿನ ಜಾವ 3, 4ರಿಂದ ಕಾರ್ಟಿಸಾಲ್ ಏರೋಕೆ ಶುರು ಆಗತ್ತೆ, ಎರಡೂ ಇನ್ಸುಲಿನ್ ಮಾತನ್ನ ಸರಿಯಾಗಿ ನಡೆಸಗೊಡಲ್ಲ, ಲಿವರ್‌ಗೆ ಸಕ್ಕರೆ ಬಿಡು ಅಂತ ಹೇಳ್ತವೆ. ಎದ್ದು ಓಡಾಡೋಕೆ ಮೈ ತಯಾರಾಗಲಿ ಅಂತ ಇರೋ ಏರ್ಪಾಡು ಇದು. ಶುಗರ್ ಇಲ್ಲದವರಲ್ಲೂ ಆಗತ್ತೆ, ಅವರ ಮೇದೋಜೀರಕ ಒಂಚೂರು ಇನ್ಸುಲಿನ್ ಜಾಸ್ತಿ ಬಿಟ್ಟು ಸರಿಮಾಡ್ಕೊಳ್ಳತ್ತೆ, ಯಾರಿಗೂ ಗೊತ್ತಾಗಲ್ಲ. ನಿಮ್ಮದಕ್ಕೆ ಆ ಶಕ್ತಿ ಕಮ್ಮಿ ಆಗಿದೆ ಅಷ್ಟೇ. ಇದಕ್ಕೆ ಡಾನ್ ಫಿನಾಮಿನನ್ ಅಂತಾರೆ.

ಹಂಗಂತ ರಾತ್ರಿ ಊಟ ಬಿಡಬೇಡಿ, ಬಿಟ್ರೂ ಬೆಳಗಿನ ಶುಗರ್ ಹೆಚ್ಚೇನೂ ಇಳಿಯಲ್ಲ, ಮೇಲಿಂದ ಶುಗರ್ ಮಾತ್ರೆ ತಗೊಳ್ತಿದ್ರೆ ಅದಕ್ಕೆ ನಡುರಾತ್ರಿ ಶುಗರ್ ಕುಸಿಯಬಹುದು. ಒಂದೆರಡು ರಾತ್ರಿ ಅಲಾರಂ ಇಟ್ಟು 3 ಗಂಟೆಗೆ ಎದ್ದು ಒಂದ್ಸಲ ಚೆಕ್ ಮಾಡಿ, ಪುಸ್ತಕದಲ್ಲಿ ಬರೆದಿಡಿ. 3ಕ್ಕೆ ಚೆನ್ನಾಗಿದ್ದು 6ಕ್ಕೆ ಏರಿದ್ರೆ ಇದೇ, 3ಕ್ಕೆ 70ಕ್ಕಿಂತ ಕೆಳಗಿದ್ರೆ ವಿಷಯ ಬೇರೆ, ಮಾತ್ರೆ ಕಮ್ಮಿ ಮಾಡ್ಬೇಕಾಗಬಹುದು. ಆ ಚೀಟಿ ಇಲ್ಲದೆ ಡಾಕ್ಟರ್ ಹತ್ರ ಹೋಗಿ ಬರೀ 165 ಅಂತ ಹೇಳಿದ್ರೆ ಅವರು ಡೋಸ್ ಏರಿಸಿ ಕಳಿಸ್ತಾರೆ, ಅದು ಯಾವಾಗ್ಲೂ ಸರಿ ಅಲ್ಲ. ಊಟ ಆದ್ಮೇಲೆ ಇಪ್ಪತ್ತು ನಿಮಿಷ ಅಡ್ಡಾಡಿ, ಮಷೀನ್ ಹಳೇದೇ ಇಟ್ಕೊಳ್ಳಿ.

ಪ್ರಶ್ನೆ: 24 ವರ್ಷ, ಮದುವೆ ಆಗಿಲ್ಲ. ಪೀರಿಯಡ್ಸ್ ಎರಡು ತಿಂಗಳು ತಪ್ಪಿತು ಅಂತ ಟೆಸ್ಟ್ ಮಾಡಿಸಿದೆ, ಪ್ರೊಲ್ಯಾಕ್ಟಿನ್ 48 ಇದೆ, 25ರ ಒಳಗಿರ್ಬೇಕಂತೆ. ನೆಟ್ಟಲ್ಲಿ ನೋಡಿದ್ರೆ ಬ್ರೇನ್ ಟ್ಯೂಮರ್ ಅಂತಿದೆ. ಎದ್ದ ತಕ್ಷಣ ಲ್ಯಾಬಿನವರು ಮನೆಗೇ ಬಂದು ಬ್ಲಡ್ ತಗೊಂಡ್ರು. ಗ್ಯಾಸ್ಟ್ರಿಕ್‌ಗೆ ಮಾತ್ರೆ ಬಿಟ್ರೆ ಬೇರೇನೂ ತಗೋಳಲ್ಲ.
- ಮೈಸೂರು

ನೆಟ್ ಮುಚ್ಚಿಡಮ್ಮ ಮೊದಲು. ನಿನ್ನ ಪತ್ರದಲ್ಲೇ ಎರಡು ಉತ್ತರ ಇದೆ, "ಎದ್ದ ತಕ್ಷಣ" ಒಂದು, "ಗ್ಯಾಸ್ಟ್ರಿಕ್ ಮಾತ್ರೆ" ಇನ್ನೊಂದು.

ಬೇರೆ ಹಾರ್ಮೋನ್‌ಗಳಿಗೆಲ್ಲ ಮೆದುಳು "ಬಿಡು" ಅಂತ ಹೇಳಿದ್ರೆ ಪಿಟ್ಯುಟರಿ ಬಿಡೋದು, ಪ್ರೊಲ್ಯಾಕ್ಟಿನ್ ಮಾತ್ರ ಉಲ್ಟಾ, ಮೆದುಳು ಹಗಲೂ ರಾತ್ರಿ "ಬೇಡ ಬೇಡ" ಅಂತ ತಡೆ ಹಿಡಿದಿರತ್ತೆ. ಆ ತಡೆಯ ಕೆಮಿಕಲ್ ಹೆಸರು ಡೋಪಮಿನ್. ಜನ ಡೋಪಮಿನ್ ಅಂದ್ರೆ ಬರೀ ಖುಷಿ, ರೀಲ್ಸು ಅಂತ ಮಾತಾಡ್ತಾರೆ, ಇಲ್ಲಿ ಅದಕ್ಕೆ ಹಾಲಿನ ಹಾರ್ಮೋನಿನ ಕಾವಲು ಕೆಲಸ. ರಾತ್ರಿ ನಿದ್ದೆಯಲ್ಲಿ ಈ ತಡೆ ಸಡಿಲ ಆಗತ್ತೆ, ಪ್ರೊಲ್ಯಾಕ್ಟಿನ್ ಏರ್ತಾ ಹೋಗಿ ಬೆಳಗಿನ ಜಾವದ ನಿದ್ದೆಯಲ್ಲಿ ಮೇಲಿರತ್ತೆ, ಎದ್ದ ಮೇಲೆ ಒಂದೆರಡು ಗಂಟೆಯಲ್ಲಿ ಇಳಿಯತ್ತೆ. ಹಾಸಿಗೆಯಿಂದ ಎದ್ದವಳ ಕೈಗೆ ಸೂಜಿ ಚುಚ್ಚಿದ್ರೆ ಇನ್ನೇನು ಬರತ್ತೆ. ಸೂಜಿ ಭಯಕ್ಕೂ ಅದು ಏರತ್ತೆ.

ಮಾತ್ರೆ ವಿಷಯ: ಸ್ಟ್ರಿಪ್ ತಿರುಗಿಸಿ ನೋಡು, ಪ್ಯಾಂಟೊಪ್ರಜೋಲ್ ಜೊತೆಗೆ ಡೋಂಪೆರಿಡೋನ್ ಅಂತ ಇರಬಹುದು, ನಮ್ಮಲ್ಲಿ ಈ ಜೋಡಿ ಬಹಳ ಓಡತ್ತೆ, ಚೀಟಿ ಇಲ್ಲದೇನೂ ಕೊಡ್ತಾರೆ. ಡೋಂಪೆರಿಡೋನ್ ಡೋಪಮಿನ್‌ನ ಬಾಗಿಲಿಗೆ ಅಡ್ಡ ನಿಲ್ಲೋ ಔಷಧಿ. ಮೆದುಳೊಳಗೆ ಅದು ಹೆಚ್ಚು ಹೋಗಲ್ಲ, ಮೆದುಳಿಗೂ ರಕ್ತಕ್ಕೂ ನಡುವೆ ಗೋಡೆ ಇದೆ, ಆದ್ರೆ ಪಿಟ್ಯುಟರಿ ಇರೋದು ಆ ಗೋಡೆಯಿಂದ ಆಚೆ, ಹಂಗಾಗಿ ಅಲ್ಲಿ ಮಾತ್ರ ಡೋಪಮಿನ್ ಮಾತು ನಡೆಯಲ್ಲ, ಪ್ರೊಲ್ಯಾಕ್ಟಿನ್ ಏರತ್ತೆ, ಪೀರಿಯಡ್ಸ್ ತಪ್ಪತ್ತೆ. ನಿನ್ನ ಡಾಕ್ಟರ್‌ಗೆ ಹೇಳಿ ಆ ಮಾತ್ರೆ ಕೆಲವು ದಿನ ನಿಲ್ಲಿಸಿ, ಎದ್ದು ಎರಡು ಮೂರು ಗಂಟೆ ಆದ್ಮೇಲೆ, ಲ್ಯಾಬಲ್ಲಿ ಒಂದರ್ಧ ಗಂಟೆ ಸುಮ್ಮನೆ ಕೂತು ಬ್ಲಡ್ ಕೊಡು, ಜೊತೆಗೆ ಟಿಎಸ್‌ಎಚ್ ನೋಡಿಸು, ಥೈರಾಯ್ಡ್ ಕಮ್ಮಿ ಇದ್ರೂ ಇದು ಏರತ್ತೆ. ಆಮೇಲೂ ಜಾಸ್ತಿ ಇದ್ರೆ ಸ್ಕ್ಯಾನ್ ಮಾತಾಡೋಣ. (ಇದನ್ನ ಓದಿ ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ಳೋರು ಯಾರೂ ತಾವೇ ನಿಲ್ಲಿಸಬೇಡಿ, ಅವುಗಳಲ್ಲೂ ಕೆಲವು ಪ್ರೊಲ್ಯಾಕ್ಟಿನ್ ಏರಿಸ್ತವೆ, ಆದ್ರೆ ನಿಲ್ಲಿಸಿದ್ರೆ ಆಗೋ ನಷ್ಟ ದೊಡ್ಡದು.)

ಪ್ರಶ್ನೆ: ಮಗ ಫಸ್ಟ್ ಪಿಯುಸಿ. ರಾತ್ರಿ 1 ಗಂಟೆ ತನಕ ಎದ್ದಿರ್ತಾನೆ, ಬೆಳಿಗ್ಗೆ ಎಬ್ಬಿಸೋಕೆ ನೀರು ಎರಚಬೇಕು. 10 ಗಂಟೆಗೆ ಮಲಗದಿದ್ರೆ ಉದ್ದ ಬೆಳೆಯಲ್ಲ ಅಂತ ಅವರಜ್ಜಿ ಬೈತಾರೆ. ಹಾಗೇನಾದ್ರೂ ಇದೆಯಾ?
- ಚಿತ್ರದುರ್ಗ

ಅಜ್ಜಿ ಅರ್ಧ ಸರಿ. ಗ್ರೋತ್ ಹಾರ್ಮೋನಿನ ದೊಡ್ಡ ಅಲೆ ಬರೋದು ನಿದ್ದೆ ಹತ್ತಿದ ಮೊದಲ ಗಾಢ ನಿದ್ದೆಯಲ್ಲಿ, 1968ರಿಂದಲೇ ಗೊತ್ತಿರೋ ವಿಷಯ. ಆದ್ರೆ ಅದು ಗೋಡೆ ಗಡಿಯಾರದ 10 ಗಂಟೆ ನೋಡಲ್ಲ, ನಿದ್ದೆಯನ್ನ ನೋಡತ್ತೆ, 1ಕ್ಕೆ ಮಲಗಿದ್ರೆ ಅಲೆಯೂ 1ರ ಮೇಲೆ ಬರತ್ತೆ. ಕಾರ್ಟಿಸಾಲ್ ಹಂಗಲ್ಲ, ನೀವು ಮಲಗಿ ಬಿಡಿ, ಎಸ್‌ಸಿಎನ್ ಹೇಳಿದ ಹೊತ್ತಿಗೆ ಅದು ಏರೇ ಏರತ್ತೆ. ಒಂದು ನಿದ್ದೆಯ ಬಾಲ ಹಿಡಿದಿದೆ, ಇನ್ನೊಂದು ಗಡಿಯಾರದ್ದು, ಅದಕ್ಕೇ ಹೊತ್ತಲ್ಲದ ಹೊತ್ತಲ್ಲಿ ಮಲಗೋರಿಗೆ ಇವೆರಡೂ ಒಂದರ ಮೇಲೊಂದು ಬೀಳ್ತವೆ. ಹದಿಹರೆಯದಲ್ಲಿ ಇನ್ನೊಂದೂ ನಡೀತಿರತ್ತೆ, ಹರೆಯ ಶುರು ಆಗೋದೇ ರಾತ್ರಿ ನಿದ್ದೆಯಲ್ಲಿ, ಮೆದುಳು ಜಿಎನ್‌ಆರ್‌ಎಚ್ ಅನ್ನೋದನ್ನ ತುಣುಕು ತುಣುಕಾಗಿ ಬಿಟ್ಟು ಪಿಟ್ಯುಟರಿಯಿಂದ ಎಲ್‌ಎಚ್ ಚಿಮ್ಮಿಸತ್ತೆ, ಮೊದಮೊದಲು ರಾತ್ರಿ ಮಾತ್ರ, ವರ್ಷ ಕಳೀತಾ ಹಗಲಲ್ಲೂ.

ಆದ್ರೆ ಅವನಿಗೆ ತಡವಾಗಿ ನಿದ್ದೆ ಬರೋದು ಪೂರ್ತಿ ಅವನ ತಪ್ಪಲ್ಲ, ಈ ವಯಸ್ಸಲ್ಲಿ ಮೆಲಟೋನಿನ್ ಏರೋ ಹೊತ್ತೇ ತಡ ಆಗಿರತ್ತೆ. ಅದರ ಮೇಲೆ ಕಣ್ಣಿಗೆ ಒಂದು ಗೇಣು ದೂರದಲ್ಲಿ ಮೊಬೈಲ್ ಹಿಡಿದ್ರೆ ಇನ್ನೂ ತಡ ಆಗತ್ತೆ, ಇದು ಅವನ ತಪ್ಪು. ಬೆಳಿಗ್ಗೆ ನೀರು ಎರಚೋ ಬದಲು ಕಿಟಕಿ ತೆಗೀರಿ, ಟೆರೇಸಿಗೆ ಕಳಿಸಿ ಅಲ್ಲೇ ತಿಂಡಿ ಕೊಡಿ. ಬೆಳಗಿನ ಬೆಳಕು ಒಳಗಿನ ಗಡಿಯಾರವನ್ನ ಬೇಗ ಮಾಡತ್ತೆ, ರಾತ್ರಿ ಬೆಳಕು ತಡ ಮಾಡತ್ತೆ. ಉದ್ದ ಮಾತ್ರ ಹೆಚ್ಚಾಗಿ ಅಪ್ಪ ಅಮ್ಮನಿಂದ ಬರೋದು.

ಪ್ರಶ್ನೆ: ಅಪಘಾತದಲ್ಲಿ ಎರಡೂ ಕಣ್ಣು ತೆಗೆಯಬೇಕಾಯ್ತು. ಆಮೇಲಿಂದ ನಿದ್ದೆ ದಿನಾ ಅರ್ಧ ಗಂಟೆ ತಡ ಆಗ್ತಾ ಹೋಗತ್ತೆ, ಒಂದು ವಾರ ರಾತ್ರಿ 11ಕ್ಕೆ, ಇನ್ನೆರಡು ವಾರಕ್ಕೆ ಬೆಳಗಿನ ಜಾವ, ಆಮೇಲೆ ಹಗಲಲ್ಲಿ, ಒಂದೂವರೆ ತಿಂಗಳಿಗೆ ಮತ್ತೆ ಸರಿ. ನನ್ನ ಹಾಗೇ ಕಾಣದಿರೋ ಫ್ರೆಂಡ್‌ಗೆ ಈ ತೊಂದ್ರೆ ಇಲ್ಲ. ನನಗೆ ಮಾನಸಿಕ ಅಂತಿದಾರೆ.
- ಶಿವಮೊಗ್ಗ (ಸ್ಕ್ರೀನ್ ರೀಡರ್ ಇಟ್ಕೊಂಡು ಟೈಪ್ ಮಾಡಿದ್ದು)

ಮಾನಸಿಕ ಅಲ್ಲ, ಖಂಡಿತ ಅಲ್ಲ, ಇಷ್ಟು ಸ್ಪಷ್ಟವಾಗಿ ಬರೆದು ಕಳಿಸಿದ್ದಕ್ಕೆ ಥ್ಯಾಂಕ್ಸ್. ಮನುಷ್ಯನ ಒಳಗಡಿಯಾರ ಸರಿಯಾಗಿ 24 ಗಂಟೆ ಇಲ್ಲ, ಸರಾಸರಿ 24 ಗಂಟೆಗಿಂತ ಹತ್ತು ಹನ್ನೆರಡು ನಿಮಿಷ ಜಾಸ್ತಿ, ಕೆಲವರಿಗೆ ಅರ್ಧ ಗಂಟೆ. ಬೆಳಕು ಅದನ್ನ ದಿನಾ ಸರಿ ಮಾಡತ್ತೆ, ಬೆಳಕೇ ಒಳಗೆ ಹೋಗದಿದ್ರೆ ಅದು ತನ್ನ ಪಾಡಿಗೆ ತಾನು ಓಡತ್ತೆ. ಅರ್ಧ ಗಂಟೆಯ ಲೆಕ್ಕದಲ್ಲಿ ಒಂದು ಸುತ್ತು ಬರೋಕೆ 48 ದಿನ ಬೇಕು, ನೀವು ಹೇಳಿದ ಒಂದೂವರೆ ತಿಂಗಳು ಅದೇ. ಕತ್ತಲಲ್ಲೂ ಗಡಿಯಾರ ನಡೀತಿರತ್ತೆ ಅನ್ನೋದು 1729ರಷ್ಟು ಹಳೇ ಕಥೆ, ಫ್ರಾನ್ಸಿನ ದೆ ಮೆರಾಂ ಮುಟ್ಟಿದರೆ ಮುನಿ ಗಿಡ ಕತ್ತಲಲ್ಲಿಟ್ರೂ ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚೋದನ್ನ ನೋಡಿದ್ರು. ನಮ್ಮ ಕಡೆ ಎಂ. ಕೆ. ಚಂದ್ರಶೇಖರನ್ ಮಧುರೈಯಲ್ಲಿ ಗುಹೆಯ ಬಾವಲಿಗಳ ಮೇಲೆ ಇದನ್ನೇ ನೋಡಿದವರು, ಆಮೇಲೆ ಅವರು ಬಂದಿದ್ದು ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಸೆಂಟರ್‌ಗೆ, ಅಲ್ಲಿ ಹಣ್ಣಿನ ನೊಣಗಳ ಗಡಿಯಾರದ ಕೆಲಸ ಮುಂದುವರೀತು.

ನಿಮ್ಮ ಫ್ರೆಂಡ್‌ಗೆ ಯಾಕಿಲ್ಲ ಅಂದ್ರೆ, ಬಹುಶಃ ಅವರ ಕಣ್ಣುಗುಡ್ಡೆ ಇದೆ. ರೆಟಿನಾದಲ್ಲಿ ನೋಡೋಕೆ ಅಂತ ಇರೋ ಕೋಶಗಳನ್ನ ಬಿಟ್ಟು ಇನ್ನೊಂದು ಚಿಕ್ಕ ಗುಂಪಿದೆ, ಅದರಲ್ಲಿ ಮೆಲನಾಪ್ಸಿನ್ ಅನ್ನೋ ಬಣ್ಣದ ಪ್ರೋಟೀನು, 1998ರಲ್ಲಿ ಮೊದಲು ಕಪ್ಪೆಯ ಚರ್ಮದಲ್ಲಿ ಸಿಕ್ಕಿದ್ದು. ನೀಲಿ ಬೆಳಕು ಬಿದ್ರೆ ಈ ಕೋಶಗಳು ಗ್ಲುಟಮೇಟ್ ಬಿಟ್ಟು ನೇರ ಎಸ್‌ಸಿಎನ್‌ಗೆ ಸುದ್ದಿ ಮುಟ್ಟಿಸ್ತವೆ, ಚಿತ್ರ ತೋರಿಸಲ್ಲ. ಏನೂ ಕಾಣದಿದ್ರೂ ಇವು ಬದುಕಿರಬಹುದು. 1995ರಲ್ಲಿ 11 ಜನ ಅಂಧರ ಕಣ್ಣಿಗೆ ಜೋರು ಬೆಳಕು ಬಿಟ್ಟು ನೋಡಿದಾಗ 3 ಜನರ ಮೆಲಟೋನಿನ್ ಕಣ್ಣಿರೋರ ಹಾಗೇ ಇಳೀತು. ನಿಮಗೆ ಆ ದಾರಿ ಮುಚ್ಚಿದೆ, ಆದ್ರೆ ಎಸ್‌ಸಿಎನ್‌ಗೆ ಇನ್ನೊಂದು ಕಿವಿ ಇದೆ, ಅದು ಮೆಲಟೋನಿನ್ನನ್ನೇ ಕೇಳಿಸ್ಕೊಳ್ಳತ್ತೆ. ತುಮಕೂರಿನ ಹುಡುಗನಿಗೆ ಬೇಡ ಅಂದ ಅದೇ ಮಾತ್ರೆ ನಿಮಗೆ ಸರಿಯಾದ ಔಷಧಿ: ಸಣ್ಣ ಡೋಸು, ದಿನಾ ಒಂದೇ ಹೊತ್ತಿಗೆ, ನಿದ್ದೆ ರಾತ್ರಿಗೆ ಬಂದಿರೋ ವಾರದಲ್ಲಿ ಶುರು ಮಾಡೋದು ಒಳ್ಳೇದು, ಹಿಡಿತಕ್ಕೆ ಬರೋಕೆ ವಾರಗಳೇ ಹಿಡಿಯಬಹುದು. ನರರೋಗ ಅಥವಾ ನಿದ್ದೆಯ ಡಾಕ್ಟ್ರನ್ನ ನೋಡಿ, "ನಾನ್ ಟ್ವೆಂಟಿಫೋರ್" (24 ಗಂಟೆಗೆ ಕೂರದ ನಿದ್ದೆಯ ತೊಂದ್ರೆ) ಅಂತ ಹೇಳಿ, ಒಂದೂವರೆ ತಿಂಗಳು ಮಲಗಿದ, ಎದ್ದ ಹೊತ್ತನ್ನ ಫೋನಲ್ಲಿ ದಾಖಲು ಮಾಡಿ ತಗೊಂಡು ಹೋಗಿ.

ಪ್ರಶ್ನೆ: ಸಂಜೆ 6ಕ್ಕೆ ಒಂದು ಫಿಲ್ಟರ್ ಕಾಫಿ ಕುಡಿದ್ರೆ ಏನಾಗತ್ತೆ?
- ಹಾಸನ

ಹಾಸನದವರಿಗೆ ಕಾಫಿ ಬೇಡ ಅನ್ನೋ ಧೈರ್ಯ ನನಗಿಲ್ಲ. ಎಚ್ಚರ ಇದ್ದಷ್ಟೂ ಹೊತ್ತು ಮೆದುಳಲ್ಲಿ ಅಡಿನೋಸಿನ್ ಜಮಾ ಆಗಿ ನಿದ್ದೆ ಎಳೆಯತ್ತೆ, ಕೆಫೀನ್ ಅದರ ಜಾಗದಲ್ಲಿ ಹೋಗಿ ಕೂರತ್ತೆ. ಅರ್ಧ ಕರಗೋಕೇ ಸುಮಾರು ಐದು ಗಂಟೆ ಬೇಕು, ರಾತ್ರಿ 11ಕ್ಕೂ ಅರ್ಧ ಲೋಟ ಒಳಗಿದೆ ಅಂತ ಲೆಕ್ಕ. ಬರೀ ಎಚ್ಚರ ಇಡೋದಲ್ಲ, ಮಲಗೋ ಮೂರು ಗಂಟೆ ಮುಂಚೆ ಸ್ಟ್ರಾಂಗ್ ಕಾಫಿಯಷ್ಟು ಕೆಫೀನ್ ಕೊಟ್ಟು ನೋಡಿದಾಗ ಮೆಲಟೋನಿನ್ ಏರೋ ಹೊತ್ತೇ 40 ನಿಮಿಷ ತಡ ಆಗಿದ್ದು ಕಂಡಿದೆ. 4ಕ್ಕೆ ಕುಡಿದು ಮುಗಿಸಿ.

ಪ್ರಶ್ನೆ: ಬಿಪಿಗೆ ಅಟೆನೊಲಾಲ್ ಶುರು ಮಾಡಿದ ಮೇಲೆ ನಿದ್ದೆ ಸರಿ ಇಲ್ಲ. ಸಂಬಂಧ ಇದೆಯಾ?
- ಉಡುಪಿ

ಇರಬಹುದು. ಪೀನಿಯಲ್‌ಗೆ ನಾರ್‌ಅಡ್ರಿನಲಿನ್ ಸುದ್ದಿ ತಲುಪೋದು ಬೀಟಾ ರಿಸೆಪ್ಟರ್ ಮೂಲಕ, ನಿಮ್ಮ ಮಾತ್ರೆ ಮುಚ್ಚೋದು ಅದನ್ನೇ, ಮೆಲಟೋನಿನ್ ಕಮ್ಮಿ ಆಗತ್ತೆ. ನೀವಾಗೇ ನಿಲ್ಲಿಸಬೇಡಿ, ಈ ಮಾತ್ರೆ ಒಮ್ಮೆಲೇ ನಿಲ್ಲಿಸಿದ್ರೆ ಹೃದಯಕ್ಕೆ ತೊಂದ್ರೆ. ಬದಲಾಯಿಸೋಕಾಗತ್ತಾ ಅಂತ ಡಾಕ್ಟ್ರನ್ನ ಕೇಳಿ.

ಪ್ರಶ್ನೆ: ಬ್ರಾಹ್ಮೀ ಮುಹೂರ್ತದಲ್ಲಿ, ಅಂದ್ರೆ 4.30ಕ್ಕೆ ಎದ್ರೆ ಹಾರ್ಮೋನ್ ಎಲ್ಲ ಸರಿ ಹೋಗತ್ತೆ ಅಂತ ವಿಡಿಯೋ ಬಂದಿದೆ. ನಾನು ರಾತ್ರಿ 11.30ಕ್ಕೆ ಮಲಗಿ 4.30ಕ್ಕೆ ಏಳ್ತಿದೀನಿ, ದಿನವಿಡೀ ತೂಕಡಿಕೆ. ಅಭ್ಯಾಸ ಆಗತ್ತಾ?
- ಬಾಗಲಕೋಟೆ

ವಿಡಿಯೋ ಮಾಡಿದವರು ಎಷ್ಟೊತ್ತಿಗೆ ಮಲಗ್ತಾರೆ ಅಂತ ಹೇಳಿದ್ರಾ? ಆ ಹೊತ್ತಿಗೆ ಏಳ್ತಿದ್ದ ನಮ್ಮ ಅಜ್ಜ ಅಜ್ಜಿ ಎಂಟು ಎಂಟೂವರೆಗೆ ದೀಪ ಆರಿಸಿ ಮಲಗ್ತಿದ್ದವರು. ಅವರ ಗಡಿಯಾರ ಆ ಹೊತ್ತಿಗೆ ಕೂತಿತ್ತು, 4.30ರ ಹೊತ್ತಿಗೆ ಅವರ ಮೆಲಟೋನಿನ್ ಇಳೀತಾ, ಕಾರ್ಟಿಸಾಲ್ ಏರ್ತಾ ಇರ್ತಿತ್ತು. ನಿಮಗೆ 11.30ಕ್ಕೆ ಮಲಗಿದ್ರೆ 4.30 ಅಂದ್ರೆ ಮೈ ಬಿಸಿ ದಿನದಲ್ಲೇ ಅತಿ ಕಮ್ಮಿ ಇರೋ ಹೊತ್ತು, ಮೆಲಟೋನಿನ್ ಇನ್ನೂ ರಕ್ತದಲ್ಲಿದೆ, ಕನಸಿನ ನಿದ್ದೆ ಜಾಸ್ತಿ ಬರೋ ಪಾಲು ಬಾಕಿ ಇದೆ. ಐದು ಗಂಟೆ ನಿದ್ದೆ ಅಭ್ಯಾಸ ಆಗಲ್ಲ, ತೂಕಡಿಕೆ ಅಭ್ಯಾಸ ಆಗತ್ತೆ ಅಷ್ಟೇ. ಬೇಗ ಏಳೋ ಆಸೆ ಇದ್ರೆ ಮಲಗೋ ಹೊತ್ತನ್ನ ಕೆಲವು ದಿನಕ್ಕೊಮ್ಮೆ ಹದಿನೈದು ನಿಮಿಷ ಬೇಗ ಮಾಡ್ತಾ ಬನ್ನಿ, ಸಂಜೆ ಮೇಲೆ ಮನೆ ದೀಪ ಮಂದ ಮಾಡಿ. ಆಗದಿದ್ರೆ ಬಿಡಿ, 6.30ಕ್ಕೆ ಎದ್ದು ಮಾಡಿದ ಪೂಜೆಗೂ ದೇವರು ಹಾರ್ಮೋನ್ ಕೆಡಿಸಲ್ಲ.

ಪ್ರಶ್ನೆ: ಥೈರಾಯ್ಡ್ ಟೆಸ್ಟಿಗೂ ಹೊತ್ತು ನೋಡ್ಬೇಕಾ?
- ಕೋಲಾರ

ಸ್ವಲ್ಪ. ಟಿಎಸ್‌ಎಚ್ ನಡುರಾತ್ರಿ ಆದ್ಮೇಲೆ 2ರಿಂದ 4ರ ಹೊತ್ತಿಗೆ ಮೇಲೆ, ಮಧ್ಯಾಹ್ನದ ಮೇಲೆ ಕೆಳಗೆ. ಗಡಿ ಮೇಲಿರೋರಿಗೆ ಬೆಳಿಗ್ಗೆ ಕೊಟ್ರೆ ಜಾಸ್ತಿ, ಮಧ್ಯಾಹ್ನ ಕೊಟ್ರೆ ನಾರ್ಮಲ್ ಬರಬಹುದು, ಅದಕ್ಕೇ ಪ್ರತಿ ಸಲ ಒಂದೇ ಹೊತ್ತಿಗೆ, ಆದಷ್ಟು ಒಂದೇ ಲ್ಯಾಬಲ್ಲಿ ಕೊಡಿ. ಅವತ್ತಿನ ಮಾತ್ರೆ ಬ್ಲಡ್ ಕೊಟ್ಟ ಮೇಲೆ ನುಂಗಿ, ಅದಾದ ಅರ್ಧ ಮುಕ್ಕಾಲು ಗಂಟೆ ಬಿಟ್ಟು ಕಾಫಿ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೋತಾ ಇದ್ರೆ ಎರಡು ದಿನ ಮುಂಚೆನೇ ನಿಲ್ಲಿಸಿ, ಅದು ಟೆಸ್ಟಿನ ಲೆಕ್ಕಾನೇ ತಪ್ಪಿಸತ್ತೆ.